ವಿಶ್ವಾಸಿಯ ಕೈಯಲ್ಲಿ ಕಾದಂಬರಿ: ಆಕ್ಷೇಪಗಳಿಗೆ ಉತ್ತರ

ಸಭೆಯ ವಾಚನಾಲಯದಲ್ಲಿ ಸತ್ಯವೇದದ ವ್ಯಾಖ್ಯಾನಗಳು, ಪ್ರಸಂಗ ಸಂಗ್ರಹಗಳು, ಮಿಷನರಿಗಳ ಜೀವನಚರಿತ್ರೆಗಳ ಪಕ್ಕದಲ್ಲಿ ಕಥೆ ಕಾದಂಬರಿಗಳಿಗೂ ಒಂದು ಕಪಾಟು ಇರಬೇಕು ಎಂದು ನಾನು ಬರೆದದ್ದಕ್ಕೆ ಬಂದ ಉತ್ತರಗಳಲ್ಲಿ ಒಪ್ಪಿಗೆಗಿಂತ ಆಕ್ಷೇಪವೇ ಹೆಚ್ಚು. ಬರೆದವರಲ್ಲಿ ಸಭಾಪಾಲಕರಿದ್ದಾರೆ, ಸಂಡೇ ಸ್ಕೂಲಿನಲ್ಲಿ ಬಹುಕಾಲ ಪಾಠ ಹೇಳಿದ ಹಿರಿಯರಿದ್ದಾರೆ, ಸಭೆಯ ಹೊರಗಿನ ಸಾಹಿತ್ಯದ ಮೇಷ್ಟ್ರುಗಳೂ ಇದ್ದಾರೆ. ಕಾದಂಬರಿಯಿಂದ ವಿಶ್ವಾಸ ಕೆಡುತ್ತದೆ ಎಂಬುದು ಒಳಗಿನವರ ವಾದ. ವಿಶ್ವಾಸದಿಂದ ಕಾದಂಬರಿ ಕೆಡುತ್ತದೆ ಎಂಬುದು ಹೊರಗಿನವರ ವಾದ. ಇಬ್ಬರ ಮೇಲೂ ನನಗೆ ಗೌರವವಿದೆ. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಅವರು ಎತ್ತಿದ ಒಂದೊಂದೇ ಮಾತನ್ನು ಹಿಡಿದು ಹೇಳುತ್ತೇನೆ.

ಎಲ್ಲಕ್ಕಿಂತ ಹಳೆಯ ಆಕ್ಷೇಪ ಇದು: ನಡೆಯದ್ದನ್ನು ನಡೆದಂತೆ ಹೇಳುವುದು ಸುಳ್ಳು, ಸುಳ್ಳು ಪಾಪ, ಆದ್ದರಿಂದ ಕಾದಂಬರಿ ವಿಶ್ವಾಸಿಗೆ ಸಲ್ಲದು. ಹಿರಿಯರೊಬ್ಬರು ಇದಕ್ಕೆ ಪೌಲನು ತಿಮೊಥೆಯನಿಗೆ ಬರೆದ ಎರಡೂ ಪತ್ರಗಳ ಆಧಾರ ಕೊಟ್ಟಿದ್ದಾರೆ. ಅಜ್ಜಿಕಥೆಗಳಿಂದ ದೂರವಿರಬೇಕೆಂಬ ಬುದ್ಧಿಮಾತು ಮೊದಲ ಪತ್ರದ 4ನೇ ಅಧ್ಯಾಯದಲ್ಲಿದೆ. ಜನ ಸತ್ಯವನ್ನು ಬಿಟ್ಟು ಕಲ್ಪನೆಯ ಕಥೆಗಳ ಬೆನ್ನು ಹತ್ತುವ ಕಾಲ ಬರುತ್ತದೆ ಎಂಬ ಎಚ್ಚರಿಕೆ ಎರಡನೆಯ ಪತ್ರದ 4ನೇ ಅಧ್ಯಾಯದಲ್ಲಿದೆ.

ಪೌಲನ ಸಿಟ್ಟು ಯಾರ ಮೇಲೆ ಎಂಬುದನ್ನು ಮೊದಲ ಪತ್ರದ ಮೊದಲ ಅಧ್ಯಾಯವೇ ತಿಳಿಸುತ್ತದೆ. ಎಫೆಸದಲ್ಲಿ ಕೆಲವರು ಮುಗಿಯದ ವಂಶಾವಳಿಗಳನ್ನೂ ಕಥೆಗಳನ್ನೂ ಹೆಣೆದು ಅವನ್ನು ದೇವರ ಬೋಧನೆಯೆಂದು ಸಭೆಗೆ ನಂಬಿಸುತ್ತಿದ್ದರು. ಕಟ್ಟಿದ್ದನ್ನು ನಿಜವೆಂದು ಸಾಧಿಸುವುದು ಮೋಸ. ಕಾದಂಬರಿಕಾರ ಯಾರನ್ನೂ ಹಾಗೆ ನಂಬಿಸಲು ಹೊರಟವನಲ್ಲ. ಪುಸ್ತಕದ ಮುಖಪುಟದಲ್ಲೇ ಕಾದಂಬರಿ ಎಂದು ಅಚ್ಚಾಗಿರುತ್ತದೆ, ಓದುವವನು ಅದನ್ನು ತಿಳಿದೇ ಪುಟ ತೆರೆಯುತ್ತಾನೆ. ಪೌಲನ ಎಚ್ಚರಿಕೆ ನಿಜವಾಗಿ ತಾಗಬೇಕಾದ ಜಾಗ ಬೇರೆ ಇದೆ. ಎಲ್ಲೋ ಕೇಳಿದ ದೃಷ್ಟಾಂತವನ್ನು ತನ್ನ ಕಣ್ಣೆದುರಿಗೇ ನಡೆದದ್ದು ಎಂದು ಪ್ರಸಂಗ ಪೀಠದಿಂದ ಹೇಳುವವರಿಗೆ, ಹೆಸರಿಲ್ಲದ ಊರಿನ ಹೆಸರಿಲ್ಲದ ಸಾಕ್ಷಿಯನ್ನು ವಾಟ್ಸಾಪಿನಲ್ಲಿ ನಿಜವೆಂದು ಹಂಚುವವರಿಗೆ ಅದು ತಾಗಬೇಕು. ಅವರನ್ನು ಕೇಳುವವರಿಲ್ಲ, ಕಾದಂಬರಿ ಎಂದು ಹೆಸರು ಹೇಳಿಕೊಂಡೇ ಬಂದ ಪುಸ್ತಕವನ್ನು ಮಾತ್ರ ಬಾಗಿಲಲ್ಲೇ ತಡೆಯುತ್ತೇವೆ ಎಂದರೆ ಅದು ನ್ಯಾಯವಲ್ಲ.

ಇನ್ನು ಸತ್ಯವೇದದೊಳಗಿನ ಕಥೆಗಳ ವಿಷಯ. ಇದನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಯೇಸು ಸಾಮ್ಯಗಳನ್ನು ಹೇಳಲಿಲ್ಲವೇ ಎಂದು. ಹೌದು, ಹೇಳಿದನು, ಸಾಮ್ಯವಿಲ್ಲದೆ ಜನರೊಂದಿಗೆ ಮಾತನಾಡಲೇ ಇಲ್ಲ ಎಂದು ಮತ್ತಾಯನ 13ನೇ ಅಧ್ಯಾಯ ತಿಳಿಸುತ್ತದೆ. ಆದರೆ ನನ್ನ ವಾದಕ್ಕೆ ಅದಕ್ಕಿಂತಲೂ ಗಟ್ಟಿಯಾದ ಆಧಾರ 2 ಸಮುವೇಲದ 12ನೇ ಅಧ್ಯಾಯದಲ್ಲಿದೆ. ದಾವೀದ ಊರೀಯನ ಹೆಂಡತಿಯನ್ನು ತೆಗೆದುಕೊಂಡಿದ್ದಾನೆ, ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದ್ದಾನೆ, ಕೂಸೂ ಹುಟ್ಟಿದೆ. ಆಗ ಕರ್ತನು ನಾತಾನನನ್ನು ಕಳುಹಿಸುತ್ತಾನೆ. ನಾತಾನ ಬಂದು ಹೇಳುವುದು ಒಂದು ಊರಿನ ಇಬ್ಬರು ಮನುಷ್ಯರ ಕಥೆ. ಒಬ್ಬನಿಗೆ ಲೆಕ್ಕವಿಲ್ಲದಷ್ಟು ಕುರಿದನ. ಇನ್ನೊಬ್ಬ ಬಡವ, ಅವನ ಹತ್ತಿರ ಇದ್ದದ್ದು ಕೊಂಡು ತಂದು ಸಾಕಿದ ಒಂದೇ ಒಂದು ಹೆಣ್ಣುಕುರಿಮರಿ. ಅದು ಅವನ ಮಕ್ಕಳ ಜೊತೆಯೇ ಬೆಳೆದಿತ್ತು, ಅವನ ತುತ್ತಿನಲ್ಲಿ ಪಾಲು ತಿನ್ನುತ್ತಿತ್ತು, ಅವನ ಬಟ್ಟಲಿನಲ್ಲೇ ಕುಡಿಯುತ್ತಿತ್ತು, ಅವನ ಎದೆಯ ಮೇಲೇ ಮಲಗುತ್ತಿತ್ತು, ಅವನಿಗೆ ಮಗಳಂತಿತ್ತು.

ಈ ವಿವರಗಳನ್ನು ಗಮನಿಸಿ. ನೀತಿ ಹೇಳುವುದಷ್ಟೇ ಉದ್ದೇಶವಾಗಿದ್ದರೆ ಶ್ರೀಮಂತನೊಬ್ಬ ಬಡವನ ಕುರಿ ಕಿತ್ತುಕೊಂಡ ಎಂದರೆ ಸಾಕಿತ್ತು. ತುತ್ತು, ಬಟ್ಟಲು, ಎದೆ ಇವೆಲ್ಲ ಯಾಕೆ ಬೇಕು? ಕೇಳುತ್ತಿರುವವನು ಕುರುಬನಾಗಿ ಬೆಳೆದವನು. ಕುರಿಮರಿಯ ಬಿಸುಪು ಹೇಗಿರುತ್ತದೆಂದು ಅವನ ಮೈಗೆ ಗೊತ್ತು. ಕಾನೂನಿನ ಭಾಷೆಯಲ್ಲಿ ಆರೋಪ ಹೊರಿಸಿದ್ದರೆ ರಾಜನ ಬಳಿ ನೂರು ಸಮಜಾಯಿಷಿಗಳು ಇದ್ದವು. ಕಥೆಯ ಮುಂದೆ ಅವನು ರಾಜನಾಗಿ ಉಳಿಯಲಿಲ್ಲ, ಕೇಳುಗನಾದ. ಸಿಟ್ಟಿನಿಂದ ತೀರ್ಪು ಕೊಟ್ಟ: ಆ ಮನುಷ್ಯ ಸಾಯಬೇಕು, ಕುರಿಗೆ ನಾಲ್ಕರಷ್ಟು ತೆರಬೇಕು. ಆಮೇಲೆ, ಆ ಮನುಷ್ಯ ಯಾರೆಂಬುದನ್ನು ನಾತಾನ ಅವನ ಮುಖಕ್ಕೇ ಹೇಳಿದ. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ, ಯಾಕೆಂದರೆ ತೀರ್ಪು ಅವನದೇ ಬಾಯಿಂದ ಬಂದಿತ್ತು.

ಇನ್ನೂ ಒಂದು ಮಾತಿದೆ. ನಾತಾನ ಇದನ್ನು ಕಥೆ ಎಂದು ಮೊದಲೇ ಹೇಳಲಿಲ್ಲ. ದಾವೀದ ಅದನ್ನು ತನ್ನ ರಾಜ್ಯದಲ್ಲಿ ನಡೆದ ಪ್ರಕರಣವೆಂದೇ ತಿಳಿದ. ಕಲ್ಪಿಸಿ ಹೇಳುವುದೆಲ್ಲ ಸುಳ್ಳು ಎಂಬ ಲೆಕ್ಕ ಹಿಡಿದರೆ ನಾತಾನ ಸುಳ್ಳು ಹೇಳಿದ ಎನ್ನಬೇಕಾಗುತ್ತದೆ, ಅದೂ ದೇವರೇ ಕಳುಹಿಸಿದಾಗ. ಈ ತೊಡಕನ್ನು ಆಕ್ಷೇಪಿಸುವವರು ಬಿಡಿಸಿಕೊಡಲಿ. ಬಿಡಿಸುವಾಗ ಇನ್ನೂ ಕೆಲವರನ್ನು ನೆನಪಿಟ್ಟುಕೊಳ್ಳಲಿ: 14ನೇ ಅಧ್ಯಾಯದಲ್ಲಿ ಯೋವಾಬ ಕಳುಹಿಸಿದ ತೆಕೋವದ ಹೆಂಗಸು ವಿಧವೆಯ ವೇಷ ತೊಟ್ಟು ರಾಜನೆದುರು ಹೇಳಿದ ಇಬ್ಬರು ಮಕ್ಕಳ ಕಥೆ, ನ್ಯಾಯಸ್ಥಾಪಕರ 9ನೇ ಅಧ್ಯಾಯದಲ್ಲಿ ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಯೋತಾಮ ಕೂಗಿ ಹೇಳಿದ, ಅರಸನನ್ನು ಹುಡುಕಿ ಹೊರಟ ಮರಗಳ ಕಥೆ, ಯೆಹೆಜ್ಕೇಲನ 17ನೇ ಅಧ್ಯಾಯದ ಹದ್ದು ಮತ್ತು ದ್ರಾಕ್ಷಾಬಳ್ಳಿ. ಕೊನೆಯದನ್ನಂತೂ ಜನರಿಗೆ ಒಗಟಾಗಿ ಹೇಳೆಂದು ಪ್ರವಾದಿಗೆ ಆಜ್ಞೆಯೇ ಆಗಿತ್ತು.

ಎರಡನೆಯ ಆಕ್ಷೇಪ: ಸತ್ಯವೇದವೊಂದೇ ಸಾಕು, ಉಳಿದದ್ದು ಕಾಲಹರಣ. ಇದಕ್ಕೆ ಉದ್ದದ ಉತ್ತರ ಬೇಕಿಲ್ಲ. ರಕ್ಷಣೆಗೆ ಸತ್ಯವೇದ ಸಾಕು ಎಂಬುದನ್ನು ನಾನೂ ನಂಬುತ್ತೇನೆ. ಆದರೂ ನಾವು ಕೀರ್ತನೆ ಪುಸ್ತಕ ಇಟ್ಟುಕೊಂಡಿದ್ದೇವೆ, ವ್ಯಾಖ್ಯಾನ ಓದುತ್ತೇವೆ, ದಿನಧ್ಯಾನದ ಪುಸ್ತಕಕ್ಕೆ ಚಂದಾ ಕಟ್ಟುತ್ತೇವೆ. ಅರಿಯೊಪಾಗದಲ್ಲಿ ನಿಂತು ಮಾತನಾಡಿದ ಪೌಲ ಗ್ರೀಕ್ ಕವಿಗಳ ಮಾತನ್ನು ಎತ್ತಿಕೊಂಡ; ಆ ಕವಿಗಳಲ್ಲೊಬ್ಬ ಅರಾಟಸ್, ಅವನು ಬರೆದದ್ದು ಜ್ಯೂಸ್ ದೇವತೆಯ ಕುರಿತು. ಪೌಲ ಆ ಕಾವ್ಯವನ್ನು ಓದಿದ್ದ, ಇಲ್ಲವೇ ಯಾರೋ ಓದಿದ್ದನ್ನು ಕೇಳಿ ಮನಸ್ಸಿನಲ್ಲಿಟ್ಟುಕೊಂಡಿದ್ದ. ಅಷ್ಟು ಹೊತ್ತು ಹಾಳಾಯಿತೆಂದು ಅಪೊಸ್ತಲರ ಕೃತ್ಯಗಳ ಲೇಖಕ ಎಲ್ಲೂ ಹೇಳಿಲ್ಲ.

ಮೂರನೆಯದು ಹೆಚ್ಚು ಗಂಭೀರ. ಕಾದಂಬರಿಯಲ್ಲಿ ವ್ಯಭಿಚಾರ ಬರುತ್ತದೆ, ಕುಡಿತ ಬರುತ್ತದೆ, ಕೊಲೆ ಬರುತ್ತದೆ. ಶುದ್ಧವಾದದ್ದನ್ನೂ ಮನೋಹರವಾದದ್ದನ್ನೂ ಧ್ಯಾನಿಸಬೇಕೆಂದು ಫಿಲಿಪ್ಪಿಯವರಿಗೆ ಬರೆದ ಪತ್ರ ಹೇಳುವಾಗ ಇವನ್ನೆಲ್ಲ ಓದುವುದು ಹೇಗೆ? ಯುವಜನರ ಕೈಗೆ ಇವನ್ನು ಕೊಡುವುದು ಹೇಗೆ? ಇದನ್ನು ಬರೆದ ತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ಪಾಪವನ್ನು ಚಪ್ಪರಿಸುವ ಪುಸ್ತಕಗಳಿವೆ, ಕ್ರೈಸ್ತ ಪ್ರಕಾಶಕರ ಮುದ್ರೆ ಹೊತ್ತು ಬಂದವುಗಳಲ್ಲೂ ಇವೆ. ಫ್ರಾನ್ಸೀನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ಹೋಶೇಯನ ಕಥೆಯನ್ನು ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳ ಕಾಲಕ್ಕೆ ತಂದು ಬರೆದ ಕಾದಂಬರಿ. ಅದನ್ನು ಓದಿ ಕಣ್ಣೀರಿಟ್ಟವರೂ ಇದ್ದಾರೆ, ಅದರ ಕೆಲವು ಪುಟಗಳು ಅತಿಯಾದವು ಎಂದವರೂ ಇದ್ದಾರೆ. ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ನೋಡಿ ಕೊಡುವುದು ಹಿರಿಯರ ಕೆಲಸ, ಅದರಲ್ಲಿ ನನಗೆ ತಕರಾರಿಲ್ಲ.

ಆದರೆ ಫಿಲಿಪ್ಪಿಯ ಆ ಪಟ್ಟಿ ಶುರುವಾಗುವುದೇ ಸತ್ಯವಾದದ್ದರಿಂದ. ಪಾಪವನ್ನು ಕಾಣದಂತೆ ಒರೆಸಿಹಾಕಿದ ಬದುಕಿನ ಚಿತ್ರ ಸತ್ಯವಾದದ್ದಲ್ಲ. ಯೆಹೂದನಿಗೂ ಸೊಸೆ ತಾಮಾರಳಿಗೂ ನಡುವೆ ನಡೆದದ್ದನ್ನು ಆದಿಕಾಂಡ ಮುಚ್ಚಿಡಲಿಲ್ಲ. ಆಮೇಲೆ ಮತ್ತಾಯ ಅದೇ ತಾಮಾರಳ ಹೆಸರನ್ನು ಕ್ರಿಸ್ತನ ವಂಶಾವಳಿಯಲ್ಲೇ ಬರೆದ. ನ್ಯಾಯಸ್ಥಾಪಕರ 19ನೇ ಅಧ್ಯಾಯದಂಥದ್ದನ್ನು ಇಂದಿನ ಯಾವ ಕ್ರೈಸ್ತ ಸಂಪಾದಕನೂ ಅಚ್ಚಿಗೆ ಕೊಡಲಿಕ್ಕಿಲ್ಲ. ಸತ್ಯವೇದ ಪಾಪವನ್ನು ತೋರಿಸುತ್ತದೆ, ಅದರ ಕೂಲಿಯನ್ನೂ ತೋರಿಸುತ್ತದೆ, ಆದರೆ ಓದುವವನ ಬಾಯಲ್ಲಿ ನೀರೂರಿಸುವುದಿಲ್ಲ. ಬರೆಯುವವರಿಗೆ ನಾವು ಕೊಡಬಹುದಾದ ಅಳತೆಗೋಲು ಇದು. ಪಾಪವೇ ಬರಬಾರದು ಎಂದು ಷರತ್ತು ಹಾಕಿದರೆ ನಮ್ಮ ಕೈಗೆ ಬರುವುದು ಇನ್ನೊಂದು ಬಗೆಯ ಪುಸ್ತಕ, ಮತ್ತು ಅದರ ಅಪಾಯ ದೊಡ್ಡದು.

ಆ ಬಗೆಯ ಪುಸ್ತಕವನ್ನು ನಾವೆಲ್ಲ ಓದಿದ್ದೇವೆ. ಮೊದಲ ಅಧ್ಯಾಯದಲ್ಲಿ ಸಾಲ, ನಡುವೆ ಕಾಯಿಲೆ, ಕೊನೆಗೆ ಒಂದು ರಾತ್ರಿಯ ಪ್ರಾರ್ಥನೆ, ಬೆಳಿಗ್ಗೆ ಆಸ್ಪತ್ರೆಯಿಂದ ಗಡ್ಡೆಯೇ ಇಲ್ಲ ಎಂಬ ಸುದ್ದಿ. ಸ್ವಸ್ಥತೆಯನ್ನು ನಾನು ನಂಬುತ್ತೇನೆ, ಕಂಡೂ ಇದ್ದೇನೆ. ಆದರೆ ಎಲ್ಲ ಮನೆಗಳಲ್ಲೂ ಹಾಗೆ ಆಗುವುದಿಲ್ಲ ಎಂಬುದೂ ಸಭಾಪಾಲಕರಿಗೆಲ್ಲ ಗೊತ್ತು, ಸ್ಮಶಾನದ ಪ್ರಾರ್ಥನೆಗೆ ಹೋಗುವವರು ಅವರೇ. ಸಭೆಯೊಂದರ ಮಾಸಪತ್ರಿಕೆಯಲ್ಲಿ ಒಂದು ಸಣ್ಣ ಕಥೆ ಬಂದಿತ್ತು. ಅದರಲ್ಲಿ ಮಗು ಬದುಕುವುದಿಲ್ಲ, ತಾಯಿ ಆರು ತಿಂಗಳು ಸಭೆಗೆ ಬರುವುದಿಲ್ಲ, ಬಂದ ದಿನ ಕೊನೆಯ ಬೆಂಚಿನಲ್ಲಿ ಕೂತು ಹಾಡದೆ ಎದ್ದುಹೋಗುತ್ತಾಳೆ. ಕಥೆ ಅಲ್ಲಿಗೇ ಮುಗಿಯುತ್ತದೆ. ಇದೆಂಥ ಸಾಕ್ಷಿ, ಇದನ್ನು ಯಾಕೆ ಹಾಕಿದಿರಿ ಎಂದು ಹಲವರು ಸಂಪಾದಕರನ್ನು ಕೇಳಿದರು. ಧಾರವಾಡ ಕಡೆಯ ವಯಸ್ಸಾದ ತಾಯಿಯೊಬ್ಬರು ಮಾತ್ರ ಆ ಸಂಚಿಕೆಯನ್ನು ಮಡಚಿ ತಮ್ಮ ಸತ್ಯವೇದದೊಳಗೆ ಇಟ್ಟುಕೊಂಡಿದ್ದರು. ನನಗೆ ತೋರಿಸಿ ಹೇಳಿದರು: “ನಮ್ಮ ಮನೀ ಕತೀನೇ ಬರದಾರ ನೋಡ್ರಿ. ಪ್ರಾರ್ಥನಿ ಮಾಡಿದ್ವಿ, ಉಪವಾಸ ಹಿಡದ್ವಿ, ಹುಡುಗ ಉಳೀಲಿಲ್ಲ. ಸಭಾದಾಗ ಇದನ್ನ ಯಾರ ಮುಂದ ಹೇಳ್ಕೋಬೇಕ್ರಿ? ನಿಮ್ಮ ವಿಶ್ವಾಸ ಕಡಿಮಿ ಆತು ಅಂತಾರ.”

ಆ ತಾಯಿಯ ವಿಶ್ವಾಸ ಆ ಕಥೆಯಿಂದ ಕೆಡಲಿಲ್ಲ. ಗೆಲುವಿನ ಸಾಕ್ಷಿಗಳನ್ನೇ ಕೇಳಿ ಕೇಳಿ ಅವರು ಒಂಟಿಯಾಗಿದ್ದರು, ಕಥೆ ಅವರ ಜೊತೆ ಕೂತಿತು. ಕೀರ್ತನೆಗಳ ಪುಸ್ತಕದ 88ನೆಯದನ್ನು ತೆರೆದು ನೋಡಿ. ಗೋಳಿನಿಂದ ಶುರುವಾಗಿ ಕತ್ತಲೆಯಲ್ಲೇ ನಿಲ್ಲುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಆದರೂ ಅದು ದೇವರ ಮುಂದೆ ಹೇಳಿದ ಮಾತು, ಆರಾಧನೆಯ ಪುಸ್ತಕದಲ್ಲೇ ಅದಕ್ಕೆ ಜಾಗವಿದೆ. ಲೂಕನ 15ನೇ ಅಧ್ಯಾಯದ ಆ ಇಬ್ಬರು ಮಕ್ಕಳ ಕಥೆಯನ್ನೇ ತೆಗೆದುಕೊಳ್ಳಿ. ಕಿರಿಯವನು ಮನೆಗೆ ಬಂದ, ಔತಣವಾಯಿತು. ಹಿರಿಯವನು ಸಿಟ್ಟಿನಿಂದ ಅಂಗಳದಲ್ಲೇ ನಿಂತಿದ್ದಾನೆ, ತಂದೆ ಹೊರಗೆ ಬಂದು ಬೇಡಿಕೊಳ್ಳುತ್ತಿದ್ದಾನೆ. ಅವನು ಒಳಗೆ ಹೋದನೇ? ಯೇಸು ಹೇಳಲಿಲ್ಲ. ಕೇಳುತ್ತಿದ್ದ ಫರಿಸಾಯರೇ ಆ ಹಿರಿಯ ಮಗ. ಉತ್ತರ ಅವರು ಕೊಡಬೇಕಿತ್ತು. ಎಲ್ಲವನ್ನೂ ಸರಿಮಾಡಿ ಮುಗಿಸಿದ್ದರೆ ಆ ಕಥೆಗೆ ಇಷ್ಟು ಹರಿತ ಇರುತ್ತಿರಲಿಲ್ಲ.

ನಾಲ್ಕನೆಯದಾಗಿ, ಕಾದಂಬರಿಗಳು ತಪ್ಪು ಬೋಧನೆ ಹರಡುತ್ತವೆ ಎನ್ನುವವರು. ಇವರು ಎರಡು ಹೆಸರು ಕೊಟ್ಟಿದ್ದಾರೆ, ಎರಡೂ ಸರಿಯಾದ ಉದಾಹರಣೆಗಳೇ. ಟಿಮ್ ಲಹೇ ಮತ್ತು ಜೆರ್ರಿ ಜೆಂಕಿನ್ಸ್ ಬರೆದ ‘ಲೆಫ್ಟ್ ಬಿಹೈಂಡ್’ ಸರಣಿ 1995ರಲ್ಲಿ ಶುರುವಾಗಿ 2007ರವರೆಗೆ 16 ಸಂಪುಟಗಳಾಗಿ ಬಂತು. ಕಡೇ ದಿನಗಳ ಕುರಿತು ಕ್ರೈಸ್ತರಲ್ಲೇ ಹಲವು ತಿಳಿವಳಿಕೆಗಳಿವೆ. ಆ ಸರಣಿ ಅವುಗಳಲ್ಲಿ ಒಂದನ್ನಷ್ಟೇ ಹಿಡಿದು ಕಥೆ ಕಟ್ಟಿತು, ಓದಿದ ಎಷ್ಟೋ ಜನ ಅದನ್ನೇ ಪ್ರಕಟನೆ ಗ್ರಂಥದ ಅರ್ಥವೆಂದು ಹಿಡಿದುಕೊಂಡರು. ವಿಲಿಯಂ ಪಾಲ್ ಯಂಗ್ ಅವರ ‘ದಿ ಶ್ಯಾಕ್’ 2007ರಲ್ಲಿ ಬಂದಾಗ ತಂದೆಯಾದ ದೇವರನ್ನು ಒಬ್ಬ ಕಪ್ಪು ಹೆಂಗಸಿನ ರೂಪದಲ್ಲಿ ಚಿತ್ರಿಸಿದ್ದಕ್ಕೂ, ತ್ರಿತ್ವದ ಕುರಿತು ಅದರಲ್ಲಿ ಬರುವ ಮಾತುಗಳಿಗೂ ಅನೇಕ ದೇವಶಾಸ್ತ್ರಜ್ಞರು ಆಕ್ಷೇಪ ಎತ್ತಿದರು. ಅವರ ಆಕ್ಷೇಪಗಳಲ್ಲಿ ಕೆಲವು ನನಗೂ ಸರಿಯೆನಿಸುತ್ತವೆ.

ಹಾಗಾದರೆ ಕಪಾಟಿಗೆ ಬೀಗ ಹಾಕೋಣವೇ? ತಪ್ಪು ಬೋಧನೆ ಪ್ರಸಂಗಗಳ ಮೂಲಕವೂ ಹಾಡುಗಳ ಮೂಲಕವೂ ಬರುತ್ತದೆ, ಹೆಚ್ಚು ಬರುವುದೇ ಅವುಗಳ ಮೂಲಕ. ಅದಕ್ಕಾಗಿ ನಾವು ಪ್ರಸಂಗವನ್ನು ನಿಲ್ಲಿಸಿಲ್ಲ. ಮಗಳನ್ನು ಕಳೆದುಕೊಂಡ ಅಪ್ಪನೊಬ್ಬ ದೇವರ ಮೇಲೆ ಸಿಟ್ಟಾಗುವ ಕಥೆಯನ್ನು ಲಕ್ಷಾಂತರ ಜನ ಓದಿದರು ಎಂದರೆ ಆ ಸಿಟ್ಟು ನಮ್ಮ ಬೆಂಚುಗಳಲ್ಲೂ ಇದೆ ಎಂದರ್ಥ. ಆ ಪುಸ್ತಕವನ್ನು ಸಭೆಯಲ್ಲಿ ಕೂಡಿ ಓದಬೇಕು, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಸಭಾಪಾಲಕರೇ ಮುಂದೆ ಕೂತು ಹೇಳಬೇಕು. ಪುಸ್ತಕವನ್ನು ನಿಷೇಧಿಸಿದರೆ ಯುವಕರು ಅದನ್ನು ಮೊಬೈಲಿನಲ್ಲಿ ಓದುತ್ತಾರೆ, ಆಗ ಪಕ್ಕದಲ್ಲಿ ತಿದ್ದುವವರು ಯಾರೂ ಇರುವುದಿಲ್ಲ. ಕಥೊಲಿಕ ಸಭೆ 1559ರಿಂದ 1966ರವರೆಗೆ ನಿಷಿದ್ಧ ಗ್ರಂಥಗಳ ಪಟ್ಟಿಯನ್ನೇ ಇಟ್ಟುಕೊಂಡಿತ್ತು, ಕೊನೆಗೆ ತಾನೇ ಕೈಬಿಟ್ಟಿತು. ಗ್ರಹಾಂ ಗ್ರೀನ್ ಅವರ ‘ದಿ ಪವರ್ ಅಂಡ್ ದಿ ಗ್ಲೋರಿ’ 1940ರ ಕಾದಂಬರಿ. ಮೆಕ್ಸಿಕೋದಲ್ಲಿ ಸಭೆಗೆ ಹಿಂಸೆಯಾದ ಕಾಲದಲ್ಲಿ ಓಡಿಹೋಗುತ್ತಲೇ ಜನರಿಗೆ ಸಂಸ್ಕಾರಗಳನ್ನು ಕೊಡುವ ಕುಡುಕ ಪಾದ್ರಿಯ ಕಥೆ. 1950ರ ದಶಕದಲ್ಲಿ ರೋಮಿನ ಅಧಿಕಾರಿಗಳು ಅದನ್ನು ತಿದ್ದಲು ಹೇಳಿ ಕಳುಹಿಸಿದರು. ಮುಂದೆ ಆರನೆಯ ಪೌಲ್ ಪೋಪರು ತಾವು ಅದನ್ನು ಓದಿದ್ದಾಗಿಯೂ, ಕೆಲವರಿಗೆ ನೋವಾದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ ಎಂದೂ ಹೇಳಿದರೆಂದು ಗ್ರೀನ್ ಅವರೇ ಬರೆದುಕೊಂಡಿದ್ದಾರೆ. ಆ ಕುಡುಕ ಪಾದ್ರಿ ಎಷ್ಟು ಓದುಗರಿಗೆ ಕೃಪೆ ಎಂದರೇನೆಂದು ತಿಳಿಸಿದ್ದಾನೋ ಅಷ್ಟನ್ನು ಮಾಡಿದ ಪ್ರಸಂಗಗಳು ಕಡಿಮೆ ಎಂದು ನಾನು ನಂಬುತ್ತೇನೆ.

ಐದನೆಯ ಆಕ್ಷೇಪ ನನಗೆ ತೀರ ನೋವು ಕೊಟ್ಟದ್ದು. ಕ್ರೈಸ್ತ ಕಾದಂಬರಿ ಅಮೆರಿಕದವರ ಚಾಳಿ, ನಮ್ಮ ಜನಕ್ಕೆ ಅದರ ಪರಂಪರೆಯೇ ಇಲ್ಲ, ಬೇಕಾದವರು ಇಂಗ್ಲಿಷಿನಲ್ಲಿ ಓದಿಕೊಳ್ಳಲಿ ಎಂಬ ಮಾತು. ಇದನ್ನು ಬರೆದವರು ನಮ್ಮವರೇ ಆದ್ದರಿಂದ ನೋವು.

ಇಂಗ್ಲೆಂಡಿನಲ್ಲಿ ಹುಟ್ಟಿದ ಥಾಮಸ್ ಸ್ಟೀಫನ್ಸ್ ಪಾದ್ರಿ 1579ರಲ್ಲಿ ಗೋವೆಗೆ ಬಂದರು. ಹೊಸದಾಗಿ ಕ್ರೈಸ್ತರಾದವರಿಗೆ ಬೋಧನೆಯಿತ್ತು, ಜಪವಿತ್ತು. ಬಿಟ್ಟುಬಂದ ಪುರಾಣಗಳ ಜಾಗದಲ್ಲಿ ಹಾಡಿಕೊಳ್ಳಲು ಕಥೆಯಿರಲಿಲ್ಲ. ಆ ಹಸಿವಿಗಾಗಿ ಹತ್ತು ಸಾವಿರಕ್ಕೂ ಹೆಚ್ಚು ಓವಿಗಳ ‘ಕ್ರಿಸ್ತಪುರಾಣ’ ಬರೆದರು, 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಕರಾವಳಿಗೆ ವಲಸೆ ಬಂದ ಕುಟುಂಬಗಳು ಅದನ್ನು ಕೈಬರಹದ ಪ್ರತಿಗಳಲ್ಲಿ ಉಳಿಸಿಕೊಂಡವು. 1907ರಲ್ಲಿ ಜೋಸೆಫ್ ಸಲ್ಡಾನ್ಹ ಅವರು ಅದನ್ನು ಮತ್ತೆ ಅಚ್ಚು ಹಾಕಿಸಿದ್ದು ಮಂಗಳೂರಿನಲ್ಲೇ. ಪ್ರಾಟೆಸ್ಟಂಟರ ಕಡೆಗೆ ಬಂದರೆ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಹೆಚ್ಚು ವರ್ಷ ಕಳೆಯುವ ಮೊದಲೇ, 1847ರ ಹೊತ್ತಿಗೆ, ಜಾನ್ ಬನಿಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕನ್ನಡದಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಬಂದಿತ್ತು. ನಮ್ಮ ಭಾಷೆಯ ನಿಘಂಟು ಕೊಟ್ಟ ಕಿಟೆಲ್ಲರು ಆ ನಿಘಂಟಿಗೂ ಬಹಳ ಮೊದಲೇ, 1862ರಲ್ಲಿ, ಕ್ರಿಸ್ತನ ಜೀವನವನ್ನು ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಹಾಡಿದರು.

ಬನಿಯನ್ನನ ವಿಷಯ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಅವನು ಪಾತ್ರೆ ರಿಪೇರಿ ಮಾಡುವವನ ಮಗ, ಅದೇ ಕಸುಬು ಕಲಿತವನು. ಅಪ್ಪಣೆಯಿಲ್ಲದೆ ಪ್ರಸಂಗ ಮಾಡಿದ್ದಕ್ಕೆ 1660ರಿಂದ 12 ವರ್ಷ ಬೆಡ್‌ಫರ್ಡಿನ ಜೈಲಿನಲ್ಲಿದ್ದ. ಅಲ್ಲಿ ಲಾಡಿ ಹೆಣೆದು ಮಾರಿ ಹೆಂಡತಿ ಮಕ್ಕಳನ್ನು ಸಾಕಿದ, ಅವರಲ್ಲೊಬ್ಬಳು ಕುರುಡಿ. 1678ರಲ್ಲಿ ಪುಸ್ತಕ ಅಚ್ಚಾಗುವ ಮೊದಲು ಸ್ನೇಹಿತರಿಗೆ ತೋರಿಸಿದಾಗ ಕೆಲವರು ಅಚ್ಚು ಹಾಕು ಎಂದರು, ಕೆಲವರು ಬೇಡವೆಂದರು. ಬೇಡವೆಂದವರ ಕಾರಣಗಳು ಇಂದು ನನಗೆ ಬಂದ ಪತ್ರಗಳಲ್ಲಿರುವ ಕಾರಣಗಳೇ: ಇದು ಕಲ್ಪನೆ, ಇದು ಸ್ಪಷ್ಟವಾಗಿಲ್ಲ, ಗಂಭೀರ ವಿಷಯವನ್ನು ಹೀಗೆ ಹೇಳಬಾರದು. ಬನಿಯನ್ ಪುಸ್ತಕದ ಮುನ್ನುಡಿಯನ್ನೇ ಪದ್ಯದಲ್ಲಿ ಬರೆದು ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟ. ಪ್ರವಾದಿಗಳು ರೂಪಕದಲ್ಲಿ ಮಾತನಾಡಲಿಲ್ಲವೇ, ಕರ್ತನು ಸಾಮ್ಯಗಳನ್ನು ಬಳಸಲಿಲ್ಲವೇ ಎಂದು ಕೇಳಿದ. ಆ ಪುಸ್ತಕ ಇನ್ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಯಿತು. ಬೇಡವೆಂದವರ ಮಾತನ್ನು ಅವನು ಕೇಳಿದ್ದರೆ ನಮ್ಮ ಅಜ್ಜಂದಿರ ಮನೆಗಳಲ್ಲಿ ಸತ್ಯವೇದದ ಪಕ್ಕ ಇರುತ್ತಿದ್ದ ಆ ಎರಡನೆಯ ಪುಸ್ತಕ ಇರುತ್ತಿರಲಿಲ್ಲ.

ಇನ್ನು ಭಾರತದ ಭಾಷೆಗಳ ಕಾದಂಬರಿ ಚರಿತ್ರೆಯನ್ನೇ ನೋಡಿ. 1852ರಲ್ಲಿ ಹ್ಯಾನಾ ಕ್ಯಾಥರೀನ್ ಮುಲೆನ್ಸ್ ಬಂಗಾಳಿಯಲ್ಲಿ ಬರೆದ ‘ಫೂಲ್‌ಮಣಿ ಓ ಕರುಣಾರ್ ವಿವರಣ್’ ಕ್ರೈಸ್ತ ಹೆಂಗಸರಿಗಾಗಿಯೇ ಬರೆದ ಕಥೆ. ಬಂಗಾಳಿಯ ಮೊದಲ ಕಾದಂಬರಿ ಅದೇ ಎನ್ನುವವರಿದ್ದಾರೆ, 1858ರಲ್ಲೇ ಅದು ಮಲಯಾಳಕ್ಕೆ ಬಂತು. ಮರಾಠಿಯ ಮೊದಲ ಕಾದಂಬರಿ ‘ಯಮುನಾ ಪರ್ಯಟನ’ 1857ರದು, ವಿಧವೆಯರ ಸಂಕಟದ ಕಥೆ. ಅದನ್ನು ಬರೆದ ಬಾಬಾ ಪದ್ಮನ್‌ಜಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ, ಕ್ರೈಸ್ತರಾಗಿ ಮೂರು ವರ್ಷಕ್ಕೆ ಈ ಕಾದಂಬರಿ ಬಂತು. ತಮಿಳಿನ ಮೊದಲ ಕಾದಂಬರಿ ‘ಪ್ರತಾಪ ಮುದಲಿಯಾರ್ ಚರಿತ್ರಂ’ 1879ರಲ್ಲಿ ಪ್ರಕಟವಾಯಿತು, ಬರೆದವರು ಮಾಯೂರದಲ್ಲಿ ಮುನ್ಸೀಫರಾಗಿದ್ದ ಕಥೊಲಿಕರಾದ ವೇದನಾಯಕಂ ಪಿಳ್ಳೆ. ಮಲಯಾಳದ ‘ಪುಲ್ಲೇಲಿ ಕುಂಜು’ 1882ರಲ್ಲಿ ಆರ್ಚ್‌ಡೀಕನ್ ಕೋಶಿಯವರಿಂದ ಬಂತು. ಕೃಪಾಬಾಯಿ ಸತ್ಯನಾಧನ್ ಇಂಗ್ಲಿಷಿನಲ್ಲಿ ಬರೆದ ‘ಸಗುಣಾ’ 1887ರಿಂದ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, 1899ರಲ್ಲಿ ಅಚ್ಚಾದದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಇಷ್ಟೆಲ್ಲ ಇದ್ದೂ ನಮಗೆ ಪರಂಪರೆಯಿಲ್ಲ ಎನ್ನುವುದು ಮನೆಯ ಅಟ್ಟ ಹತ್ತದೆ ಮನೆ ಬರಿದು ಎಂದಂತೆ. ಪರಂಪರೆ ಇತ್ತು, ನಾವು ಅದನ್ನು ಮುಂದುವರಿಸಲಿಲ್ಲ. ಹಾಗಾಗಿಯೇ ನಮ್ಮ ಯುವಜನ ಇಂದು ಟೆಕ್ಸಾಸಿನ ಹುಲ್ಲುಗಾವಲುಗಳ ಕ್ರೈಸ್ತ ಪ್ರೇಮಕಥೆ ಓದುತ್ತಾರೆ, ಗದಗ ಕಡೆಯ ಒಂದು ಸಭೆಯಲ್ಲಿ ಮದುವೆ ಹೇಗೆ ನಿಶ್ಚಯವಾಗುತ್ತದೆ, ಹೇಗೆ ಮುರಿಯುತ್ತದೆ ಎಂಬ ಕಾದಂಬರಿ ಅವರಿಗೆ ಸಿಗುವುದಿಲ್ಲ.

ಈಗ ಸಭೆಯ ಹೊರಗಿನವರ ವಾದಕ್ಕೆ ಬರುತ್ತೇನೆ. ನಂಬಿದ ಓದುಗರಿಗಾಗಿ, ನಂಬಿಕೆಯನ್ನು ಬಲಪಡಿಸಲು ಬರೆದದ್ದು ಪ್ರಚಾರ, ಅದು ಸಾಹಿತ್ಯವಾಗದು ಎಂದು ಅಧ್ಯಾಪಕರೊಬ್ಬರು ಬರೆದಿದ್ದಾರೆ. ಬೇರೆ ಭಾಷೆಯವರು ಹೀಗೆಂದರೆ ದಾಸ್ತಯೆವ್‌ಸ್ಕಿಯ ‘ಕರಮಜೋವ್ ಸಹೋದರರು’, ಜಪಾನಿನ ಶುಸಾಕು ಎಂಡೋ 1966ರಲ್ಲಿ ಬರೆದ ‘ಸೈಲೆನ್ಸ್’, ಮ್ಯಾರಿಲಿನ್ ರಾಬಿನ್ಸನ್ ಅವರಿಗೆ 2005ರ ಪುಲಿಟ್ಜರ್ ತಂದ ‘ಗಿಲಿಯಡ್’ ಇವನ್ನು ಮುಂದಿಡಬೇಕಾಗುತ್ತದೆ. ಕನ್ನಡದವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ನಮ್ಮ ಸಾಹಿತ್ಯದ ಮೊದಲ ಮಹಾಕವಿ ಪಂಪ ‘ಆದಿಪುರಾಣ’ ಬರೆದದ್ದು ಜೈನನಾಗಿ, ಜಿನಭಕ್ತರಿಗಾಗಿ. ಹರಿಹರ ರಗಳೆ ಬರೆದದ್ದು ಶಿವಭಕ್ತರಿಗಾಗಿ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ ಜೈನರ ಅಹಿಂಸೆಯನ್ನು ಸಾರಲೆಂದೇ ಹೊರಟ ಕಾವ್ಯ. ಅದರಲ್ಲಿ ಅಮೃತಮತಿ ಇದ್ದಾಳೆ: ರಾಣಿಯಾಗಿದ್ದೂ, ನಡುರಾತ್ರಿ ಕೇಳಿದ ಹಾಡಿಗೆ ಮನಸೋತು, ಕುರೂಪಿ ಮಾವುತನ ಬಳಿಗೆ ಎದ್ದು ಹೋದವಳು. ಏಳೆಂಟು ಶತಮಾನಗಳಿಂದ ಕನ್ನಡಿಗರು ಅವಳ ಕುರಿತು ವಾದಿಸುತ್ತಲೇ ಇದ್ದಾರೆ, ಗಿರೀಶ ಕಾರ್ನಾಡರು ಅದೇ ಕಥೆಯ ಮೇಲೆ ನಾಟಕ ಬರೆದರು. ಜನ್ನ ಧರ್ಮಕ್ಕೆ ದ್ರೋಹ ಮಾಡಲಿಲ್ಲ, ಅಮೃತಮತಿಯನ್ನು ಗೊಂಬೆಯನ್ನಾಗಿಯೂ ಮಾಡಲಿಲ್ಲ. ನಂಬಿಕೆ ಇದ್ದ ಕಡೆ ಸಾಹಿತ್ಯ ಹುಟ್ಟದು ಎನ್ನುವವರು ಕನ್ನಡದ ಅರ್ಧ ಭಂಡಾರವನ್ನು ಬದಿಗಿಡಬೇಕಾಗುತ್ತದೆ.

ಅವರ ಮಾತಿನಲ್ಲಿ ನಾನು ಒಪ್ಪುವ ಅಂಶವೊಂದಿದೆ. ನಾಸ್ತಿಕ ಪಾತ್ರವನ್ನು ಮೂರ್ಖನನ್ನಾಗಿ ಮಾಡಿ, ಕೊನೆಯ ಪುಟದಲ್ಲಿ ಮೊಣಕಾಲೂರಿಸುವ ಕಥೆಗಳು ದುರ್ಬಲ. ಅದಕ್ಕೆ ಕಾರಣ ಬರೆದವನ ನಂಬಿಕೆಯಲ್ಲ, ನಂಬಿಕೆಯ ಅರೆಕೊರೆ. ತನ್ನ ದೇವರು ಪ್ರಶ್ನೆಗೆ ಅಂಜುವುದಿಲ್ಲ ಎಂದು ಗಟ್ಟಿಯಾಗಿ ನಂಬಿದವನು ಎದುರಾಳಿಯ ಬಾಯಿಗೆ ಬಲವಾದ ಮಾತನ್ನೇ ಕೊಡುತ್ತಾನೆ. ಭಕ್ತ ಕ್ರೈಸ್ತನಾಗಿದ್ದ ದಾಸ್ತಯೆವ್‌ಸ್ಕಿ, ಕಾರಣವಿಲ್ಲದೆ ನರಳುವ ಮಕ್ಕಳನ್ನು ಮುಂದಿಟ್ಟು ದೇವರ ಲೋಕವನ್ನೇ ನಿರಾಕರಿಸುವ ವಾದವನ್ನು ‘ಕರಮಜೋವ್ ಸಹೋದರರು’ ಕಾದಂಬರಿಯ ಇವಾನನ ಬಾಯಲ್ಲಿ ಹೇಳಿಸಿದ; ಅದಕ್ಕಿಂತ ಬಲವಾಗಿ ಅದನ್ನು ಹೇಳಿದ ನಾಸ್ತಿಕರು ನನಗೆ ಸಿಕ್ಕಿಲ್ಲ.

ಕೊನೆಯ ಆಕ್ಷೇಪ ಪತ್ರದಲ್ಲಿ ಬಂದದ್ದಲ್ಲ, ಆರಾಧನೆ ಮುಗಿದ ಮೇಲೆ ಹೊರಗೆ ನಿಂತು ಮೆಲ್ಲಗೆ ಹೇಳಿದ್ದು. ನಮ್ಮದು ಸಣ್ಣ ಸಮುದಾಯ; ಸಭೆಯೊಳಗಿನ ಜಗಳ, ಆಸ್ತಿಯ ಕೋರ್ಟು ಕೇಸು, ಹೆಣ್ಣು ಕೊಡುವಾಗ ತರುವಾಗ ಇಂದಿಗೂ ಕೇಳುವ ಜಾತಿ, ಇವನ್ನೆಲ್ಲ ಕಾದಂಬರಿಯಲ್ಲಿ ಬರೆದರೆ ಹೊರಗಿನವರ ಕೈಗೆ ಕೋಲು ಕೊಟ್ಟಂತೆ ಆಗುವುದಿಲ್ಲವೇ? ಕಾಲ ಸೂಕ್ಷ್ಮವಾಗಿದೆ ಎಂಬುದು ನನಗೂ ಗೊತ್ತು, ಈ ಭಯವನ್ನು ಹಗುರ ಮಾಡುವುದಿಲ್ಲ. ಆದರೆ ನಾ. ಡಿಸೋಜ ನಮ್ಮ ನಡುವೆಯೇ ಬರೆದರಲ್ಲ. 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಸಾಗರದಲ್ಲಿ ಕೂತು ಮಲೆನಾಡಿನ ಬದುಕನ್ನು ಬರೆದ ಅವರು ಮುಳುಗಡೆಯ ಜನರಿಗೆ ದನಿಯಾದರು, ಇಗರ್ಜಿಯ ಸುತ್ತಲಿನ ಮನೆಗಳ ಒಳಗನ್ನೂ ಬರೆದರು. ಅದರಿಂದ ನಮ್ಮ ಮಾನ ಹೋಗಲಿಲ್ಲ. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ, ಆದರೂ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಬರೆದರು. ಬೇರೆಯವರು ನಮ್ಮ ಕರ್ತನ ಕಥೆಯನ್ನು ಅಷ್ಟು ಪ್ರೀತಿಯಿಂದ ಬರೆದಿರುವಾಗ ನಾವು ನಮ್ಮದೇ ಬದುಕನ್ನು ಬರೆಯಲು ಹೆದರುವುದು ಯಾಕೆ? ಸಭೆಯೊಳಗಿನ ಜಾತಿಯನ್ನು ನಮ್ಮವರೇ ದುಃಖದಿಂದ ಬರೆದರೆ ಅದು ಪಾಪದ ಅರಿಕೆ. ನಾವು ಬರೆಯದೆ ಬಿಟ್ಟದ್ದನ್ನು ಬೇರೆಯವರು ಆರೋಪವಾಗಿ ಬರೆಯುತ್ತಾರೆ.

ಆದ್ದರಿಂದ ನನ್ನ ಕೋರಿಕೆಯನ್ನು ಮತ್ತೆ ಮುಂದಿಡುತ್ತೇನೆ, ಈ ಸಲ ಹೆಸರುಗಳ ಸಮೇತ. ಕಪಾಟಿನಲ್ಲಿ ಮೊದಲಿಗೆ ‘ಯಾತ್ರಿಕನ ಸಂಚಾರ’ ಇರಲಿ, ಎಲ್ಲಾದರೂ ಹಳೆಯ ಪ್ರತಿ ಸಿಕ್ಕರೆ ಅದರ ಕನ್ನಡವನ್ನು ಈಗಿನ ಮಕ್ಕಳಿಗೆ ಓದಿ ಹೇಳುವವರೂ ಇರಲಿ. ನಾ. ಡಿಸೋಜರ ಕಾದಂಬರಿಗಳಿರಲಿ, ‘ಗೊಲ್ಗೊಥಾ’ ಇರಲಿ, ಇಂಗ್ಲಿಷ್ ಬಲ್ಲವರಿಗೆ ‘ಗಿಲಿಯಡ್’ ಮತ್ತು ‘ಸೈಲೆನ್ಸ್’ ಇರಲಿ. ತಿಂಗಳಿಗೊಮ್ಮೆ ಶನಿವಾರ ಸಂಜೆ ಒಂದು ಪುಸ್ತಕವನ್ನು ಕೂಡಿ ಓದೋಣ. ಆಕ್ಷೇಪ ಬರೆದ ಸಭಾಪಾಲಕರೇ ಆ ಕೂಟವನ್ನು ನಡೆಸಲಿ, ಅವರಿಗಿಂತ ಎಚ್ಚರವಾಗಿ ಓದುವವರು ನಮ್ಮಲ್ಲಿ ಇಲ್ಲ. ಸಭೆಯ ಮಾಸಪತ್ರಿಕೆಯಲ್ಲಿ ವರ್ಷಕ್ಕೆ ಆರು ಕಥೆಗಳಿಗೆ ಜಾಗ ಬಿಡಿ, ಸಂಭಾವನೆ ಕೊಡಿ, ಸ್ವಸ್ಥತೆಯಲ್ಲೇ ಮುಗಿಯಬೇಕೆಂಬ ಷರತ್ತು ಹಾಕಬೇಡಿ. ಬರೆಯಬಲ್ಲ ಯುವಕ ಯುವತಿಯರು ನಮ್ಮ ಬೆಂಚುಗಳಲ್ಲೇ ಕೂತಿದ್ದಾರೆ, ಕೆಲವರು ಬೇರೆ ಹೆಸರಿನಲ್ಲಿ ಬೇರೆ ಪತ್ರಿಕೆಗಳಿಗೆ ಈಗಲೇ ಬರೆಯುತ್ತಿದ್ದಾರೆ.